ಸುಣ್ಣಕಲ್ಲಿನ ಸೀಮೆಗೆ ಬ್ಯಾಟರಿ ಬಂದ ಬಗೆ

1871ರಲ್ಲಿ ಮುಂಬಯಿಯಿಂದ ಇಳಿದುಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ರಾಯಚೂರಿನಲ್ಲಿ ಮದ್ರಾಸು ಕಡೆಯ ಹಳಿಯನ್ನು ಕೂಡಿಕೊಂಡಿತು. ಕಲಬುರಗಿ, ಶಹಾಬಾದ, ವಾಡಿ ಆ ದಾರಿಯ ಮೇಲಿನ ಊರುಗಳು. ಮೂರು ವರ್ಷ ಕಳೆದು 1874ರಲ್ಲಿ ನಿಜಾಮರ ಸಂಸ್ಥಾನದ ರೈಲು ವಾಡಿಯಿಂದ ಕವಲೊಡೆದು, ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರುಗಳ ಮಗ್ಗುಲಿಂದ ಹಾದು ಸಿಕಂದರಾಬಾದ್ ಮುಟ್ಟಿತು. ವಾಡಿ ಜಂಕ್ಷನ್ ಆದದ್ದು ಹಾಗೆ. ಈ ಹಳಿಯ ಕಥೆಯನ್ನು ನಮ್ಮ ಭಾಗದಲ್ಲಿ ಕಲ್ಲು ಮತ್ತು ಸಿಮೆಂಟಿನ ಕಥೆಯಾಗಿ ಬಹಳ ಮಂದಿ ಹೇಳಿದ್ದಾರೆ. ಅದೇ ಹಳಿಯ ಗುಂಟ ಬ್ಯಾಟರಿಯೂ ಬಂತು. ಅದರ ಕಥೆಯನ್ನು ಯಾರೂ ಬರೆದಿಟ್ಟಂತೆ ಕಾಣದು.

ಗಾಡಿ ಒಂದು ನಿಲ್ದಾಣ ಬಿಟ್ಟಿತೆಂಬ ಸುದ್ದಿ ಮುಂದಿನ ನಿಲ್ದಾಣಕ್ಕೆ ಗಾಡಿಗಿಂತ ಮೊದಲು ತಲುಪದಿದ್ದರೆ ಎದುರುಬದುರು ಡಿಕ್ಕಿ ಖಂಡಿತ. ಆ ಸುದ್ದಿ ಹೋಗುತ್ತಿದ್ದದ್ದು ತಂತಿಯಲ್ಲಿ. ತಂತಿಗೆ ಕರೆಂಟ್ ಬೇಕು, ಆದರೆ ಆಗ ಈ ಸೀಮೆಯಲ್ಲಿ ವಿದ್ಯುತ್ ಕೇಂದ್ರವೆಂಬುದೇ ಇರಲಿಲ್ಲ. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದ ವಿದ್ಯುತ್ ಹರಿದದ್ದೇ 1902ರಲ್ಲಿ. ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲು ನಮ್ಮ ಕಡೆಯ ರೈಲು ನಿಲ್ದಾಣಗಳಿಗೆ ವಿದ್ಯುತ್ತು ಜಾಡಿಯೊಳಗೆ ತುಂಬಿ ಬಂದಿತ್ತು.

ಭಾರತದ ತಂತಿ ಇಲಾಖೆ ಆ ಕಾಲದಲ್ಲಿ ಹೆಚ್ಚಾಗಿ ನೆಚ್ಚಿಕೊಂಡದ್ದು ಮಿನೊಟ್ಟೊ ಎಂಬ ಇಟಲಿಯವನ ಹೆಸರಿನ ಕೋಶವನ್ನು. ಅದರ ಕಟ್ಟಣೆ ಬಹಳ ಸರಳ. ಜಾಡಿಯ ತಳದಲ್ಲಿ ತಾಮ್ರದ ತಗಡು, ಅದರ ಮೇಲೆ ಮೈಲುತುತ್ತದ ಹರಳು, ಅದರ ಮೇಲೆ ಒದ್ದೆ ಮರಳು ಅಥವಾ ಮರದ ಹೊಟ್ಟು, ಎಲ್ಲಕ್ಕೂ ಮೇಲೆ ಸತುವಿನ ಬಿಲ್ಲೆ. ಸತು ಸವೆಯುತ್ತ ಹೋದಂತೆ ಕೆಳಗೆ ತಾಮ್ರ ಕೂಡುತ್ತದೆ. ಒಂದು ಕೋಶದಿಂದ ಸಿಗುತ್ತಿದ್ದದ್ದು ಒಂದು ವೋಲ್ಟಿಗಿಂತ ತುಸು ಹೆಚ್ಚು, ಹಾಗಾಗಿ ಹತ್ತಾರು ಜಾಡಿಗಳನ್ನು ಸಾಲಾಗಿ ಜೋಡಿಸಬೇಕಿತ್ತು. ಎತ್ತಿನ ಗಾಡಿಯಲ್ಲಿ ಸಾಗಿಸಿದರೂ ಮರಳಿನ ಪದರದಿಂದಾಗಿ ಒಳಗಿನ ದ್ರವ ಕಲಕುತ್ತಿರಲಿಲ್ಲ. ನಮ್ಮ ದೇಶಕ್ಕೆ ಅದು ಒಗ್ಗಿದ್ದೇ ಆ ಕಾರಣಕ್ಕೆ. ಸವೆದ ಕೋಶದಲ್ಲಿ ಉಳಿಯುತ್ತಿದ್ದದ್ದು ತಾಮ್ರ, ಚೂರು ಸತು, ನೀಲಿ ನೀರು. ತಾಮ್ರಕ್ಕೆ ಬೆಲೆ ಇತ್ತು, ಜಾಡಿಯನ್ನು ಬಿಚ್ಚುವವನು ಇಲಾಖೆಯ ನೌಕರನೇ ಆಗಿದ್ದ. ಬ್ಯಾಟರಿ ತಂದವರ ಕೈಗೇ ವಾಪಸು ಹೋಗುತ್ತಿದ್ದ ಕಾಲ ಅದು. ಮುಂದೆ ಹಾಗಿರಲಿಲ್ಲ.

ಫ್ರಾನ್ಸಿನ ಗಸ್ತೋನ್ ಪ್ಲಾಂಟೆ 1859ರಲ್ಲಿ ಸೀಸದ ಎರಡು ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಬರಿದಾದ ಮೇಲೆ ಮತ್ತೆ ತುಂಬಬಹುದಾದ ಬ್ಯಾಟರಿ ಮಾಡಿದ್ದ. ಅದು ಪೇಟೆಗೆ ಬರುವಷ್ಟು ಹದವಾದದ್ದು 1880ರ ದಶಕದಲ್ಲಿ. ರೈಲು ಡಬ್ಬಿಯ ಗಾಲಿಯಿಂದ ಡೈನಮೊ ತಿರುಗಿಸಿ, ಗಾಡಿ ನಿಂತಾಗ ದೀಪ ಆರದಂತೆ ಸೀಸದ ಬ್ಯಾಟರಿ ಇಡುವ ಏರ್ಪಾಡು ಇಪ್ಪತ್ತನೆಯ ಶತಮಾನದ ಆರಂಭಕ್ಕೆ ನಮ್ಮ ದೇಶಕ್ಕೂ ಬಂತು. ವಾಡಿಯಲ್ಲಿ ನಿಂತ ಹಳೆಯ ಮಾದರಿಯ ಡಬ್ಬಿಯ ಕೆಳಗೆ ಬಗ್ಗಿ ನೋಡಿದರೆ ಆ ಪೆಟ್ಟಿಗೆಗಳು ಸಾಲಾಗಿ ಕಾಣುತ್ತಿದ್ದವು. ಎರಡೆರಡು ವೋಲ್ಟಿನ ಕೋಶಗಳನ್ನು ಜೋಡಿಸಿ 110 ವೋಲ್ಟ್ ಮಾಡಿದ ಏರ್ಪಾಡು ಅದು.

ಊರೊಳಗೆ ಬ್ಯಾಟರಿ ಹೊಕ್ಕದ್ದು ಬೇರೆ ಬಾಗಿಲಿನಿಂದ. ನಮ್ಮ ಜನ ಅದನ್ನು ಶೆಲ್ ಅಂದರು. ಕೈದೀಪಕ್ಕೆ ಎರಡು ಶೆಲ್, ಹೊಲಕ್ಕೆ ನೀರು ಕಟ್ಟಲು ಹೋಗುವ ರೈತನದ್ದಾದರೆ ಮೂರು. ಟ್ರಾನ್ಸಿಸ್ಟರ್ ರೇಡಿಯೋ ಬಂದ ಮೇಲಂತೂ ಶೆಲ್ ಕಿರಾಣಿ ಅಂಗಡಿಯ ಸಾಮಾನಾಯಿತು. ಕರಗಿದ ಶೆಲ್ಲನ್ನು ಬಿಸಿಲಿಗಿಟ್ಟು ಮತ್ತೆರಡು ದಿನ ಹಾಡು ಕೇಳುವುದು ಮನೆಮನೆಯ ಉಪಾಯ. ತೀರ ಸತ್ತುಹೋದ ಶೆಲ್ಲಿಗೂ ಕೆಲಸವಿತ್ತು. ಕಲ್ಲಿನಿಂದ ಜಜ್ಜಿ ಸತುವಿನ ಹೊದಿಕೆ ಬಿಚ್ಚಿದರೆ ನಡುವೆ ಕರಿ ಕಡ್ಡಿ, ಸುತ್ತ ಕಪ್ಪು ಪುಡಿ. ಆ ಪುಡಿಗೆ ತೊಂಡೆ ಸೊಪ್ಪಿನ ರಸ ಸೇರಿಸಿ ಶಾಲೆಯ ಕರಿಹಲಗೆಗೆ ಬಳಿಯುತ್ತಿದ್ದದ್ದು ಕನ್ನಡ ಶಾಲೆಗಳಲ್ಲಿ ಓದಿದ ಎಷ್ಟೋ ಜನರಿಗೆ ನೆನಪಿದ್ದೀತು. ಹಾಗೆ ಅರೆಯುವ ಕೆಲಸ ಹುಡುಗರದ್ದು. ಮೊಣಕೈವರೆಗೂ ಕಪ್ಪಾಗುತ್ತಿತ್ತು. ಆ ಪುಡಿ ಮ್ಯಾಂಗನೀಸ್ ಡೈಯಾಕ್ಸೈಡು. ಆ ಕಾಲದ ಶೆಲ್ಲುಗಳಲ್ಲಿ ತುಸು ಪಾದರಸವೂ ಇರುತ್ತಿತ್ತು. ಬ್ಯಾಟರಿಯನ್ನು ಒಡೆಯಬಾರದೆಂದು ಹುಡುಗರಿಗೆ ಹೇಳಿದವರಿಲ್ಲ, ಮೇಷ್ಟ್ರಿಗೂ ಹೇಳಿದವರಿರಲಿಲ್ಲ.

ಇತ್ತ ಕಲ್ಲಿನ ಉದ್ಯಮ ಬೆಳೆಯಿತು. ಟಾಟಾ ಮನೆತನದ ಶಹಾಬಾದ್ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿ ಎಂಬ ಸಿಮೆಂಟ್ ಕಂಪನಿಗಳ ಒಕ್ಕೂಟದೊಳಗೆ ಸೇರಿತು. 1968ರಲ್ಲಿ ವಾಡಿಯಲ್ಲಿ ಎಸಿಸಿಯ ಕಾರ್ಖಾನೆ ನಿಂತಿತು. 1980ರ ದಶಕದಲ್ಲಿ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಬಂದವು. ಶಹಾಬಾದಿನ ಫರಸಿ ಕಲ್ಲು ದೇಶದ ಮೂಲೆಮೂಲೆಯ ಅಂಗಳಕ್ಕೆ ಹೋಯಿತು. ಕಲ್ಲು ಹೊರಲು ಲಾರಿ, ಹೊಲಕ್ಕೆ ಟ್ರ್ಯಾಕ್ಟರ್. ಚಿಂಚೋಳಿ ಪಟ್ಟಣಕ್ಕೆ ರೈಲೇ ಇಲ್ಲದ್ದರಿಂದ ಅಲ್ಲಿಗೆ ಎಲ್ಲವೂ ರಸ್ತೆಯ ಮೇಲೆ. ಪ್ರತಿ ಲಾರಿಯಲ್ಲೂ ಪ್ರತಿ ಟ್ರ್ಯಾಕ್ಟರಿನಲ್ಲೂ ಒಂದು ಸೀಸದ ಬ್ಯಾಟರಿ.

ಹೀಗೆ ಬಸ್‌ಸ್ಟ್ಯಾಂಡ್ ಹತ್ತಿರದ ಬ್ಯಾಟರಿ ಅಂಗಡಿ ಹುಟ್ಟಿತು. ನೆಲದ ಮೇಲೆ ಮರದ ಹಲಗೆ, ಅದರ ಮೇಲೆ ಚಾರ್ಜಿಗಿಟ್ಟ ಬ್ಯಾಟರಿಗಳ ಸಾಲು, ಮುಚ್ಚಳ ತೆಗೆದ ರಂಧ್ರಗಳಲ್ಲಿ ಸಣ್ಣ ಗುಳ್ಳೆ. ಮೆಕ್ಯಾನಿಕ್ ಗಾಜಿನ ನಳಿಗೆಯಿಂದ ಆಮ್ಲ ಎಳೆದು ಒಳಗಿನ ತೇಲುಬುರುಡೆಯ ಗೀಟು ನೋಡುತ್ತಾನೆ. 1250ರ ಮೇಲೆ ನಿಂತರೆ ಜೀವ ಇದೆ. ಅದಕ್ಕಿಂತ ತೀರ ಕೆಳಗಿಳಿದರೆ "ಬ್ಯಾಟ್ರಿ ಡೌನ್ ಆಗ್ಯಾದ್ರಿ" ಅನ್ನುತ್ತಾನೆ. ಅವನ ಪ್ಯಾಂಟಿನ ಮೊಣಕಾಲಿನಲ್ಲಿ ಆಮ್ಲ ಸಿಡಿದು ಬಿದ್ದ ತೂತುಗಳು. ಆ ಗುಳ್ಳೆ ಬರೀ ಗಾಳಿ ಅಂದುಕೊಂಡವರೇ ಹೆಚ್ಚು. ಅದು ಜಲಜನಕ, ಜೊತೆಗೆ ಆಮ್ಲಜನಕ. ಬೀಡಿಯ ಕಿಡಿ ಅಥವಾ ಸಡಿಲ ಕ್ಲಿಪ್ಪಿನ ಕಿಡಿ ತಾಗಿದರೆ ಬ್ಯಾಟರಿ ಬಾಂಬಿನಂತೆ ಸಿಡಿದು ಆಮ್ಲ ಮುಖಕ್ಕೆ ಎರಚುತ್ತದೆ. ಚಾರ್ಜಿನ ಕೋಣೆಗೆ ಕಿಟಕಿ ಇರಬೇಕು, ಚಾರ್ಜರ್ ಆರಿಸಿದ ಮೇಲಷ್ಟೇ ಕ್ಲಿಪ್ ತೆಗೆಯಬೇಕು, ಆಮ್ಲ ಕಣ್ಣಿಗೆ ಬಿದ್ದರೆ ಆ ಕ್ಷಣವೇ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಬೇಕು ಎಂಬ ಮೂರು ಮಾತು ಕಲಿಸಿದ ಗುರು ಸಿಕ್ಕವನೇ ಪುಣ್ಯವಂತ.

ಇಷ್ಟು ಕಣ್ಣಿಗೆ ಕಾಣುವ ಅಪಾಯ. ಬ್ಯಾಟರಿ ಗುಜರಿಗೆ ಹೋದ ಮೇಲೆ ಶುರುವಾಗುವ ಅಪಾಯ ಕಣ್ಣಿಗೆ ಬೀಳುವಂಥದ್ದಲ್ಲ.

ಸೀಸದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಸೀಸ ಕರಗುವುದು 327 ಡಿಗ್ರಿಗೆ. ಕಬ್ಬಿಣಕ್ಕೆ ಕುಲುಮೆ ಬೇಕು, ತಾಮ್ರಕ್ಕೂ ಬೇಕು. ಸೀಸಕ್ಕೆ ಒಂದು ಬಾಣಲೆ, ಇದ್ದಿಲ ಒಲೆ ಸಾಕು. ಹಿತ್ತಲಲ್ಲಿ ಕರಗಿಸಬಹುದಾದ ಲೋಹ, ಕೈಯಲ್ಲಿ ಕಾಸು ಕೊಡುವ ಲೋಹ. ಹಾಗಾಗಿ ದೇಶದ ಉದ್ದಗಲಕ್ಕೂ ಗುಜರಿಯವರು ಕೊಡಲಿಯಿಂದ ಬ್ಯಾಟರಿ ಒಡೆದರು, ಆಮ್ಲವನ್ನು ಚರಂಡಿಗೆ ಸುರಿದರು, ತಗಡುಗಳನ್ನು ಬಾಣಲೆಗೆ ಹಾಕಿದರು. ಮೇಲೆದ್ದ ಹೊಗೆಯಲ್ಲಿ ಸೀಸದ ಸಣ್ಣ ಧೂಳು. ಅದು ಅಂಗಳದಲ್ಲಿ ಕೂತಿತು, ಬಟ್ಟೆಗೆ ಹತ್ತಿ ಮನೆಗೆ ಹೋಯಿತು, ತೆವಳುವ ಕೂಸಿನ ಕೈಗಂಟಿ ಬಾಯಿಗೆ ಹೋಯಿತು.

ಮೈಯೊಳಗೆ ಹೊಕ್ಕ ಸೀಸ ಸುಣ್ಣದಂಶದ ವೇಷ ಹಾಕುತ್ತದೆ. ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಎಂದುಕೊಂಡು ದೇಹ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಎಲುಬಿನಲ್ಲಿ ಹತ್ತಾರು ವರ್ಷ ಕೂಡಿಡುತ್ತದೆ. ದೊಡ್ಡವರಿಗೆ ಹೊಟ್ಟೆ ಹಿಂಡುವ ನೋವು, ರಕ್ತ ಕಡಿಮೆಯಾಗುವುದು, ಮುಂಗೈ ಜೋತುಬೀಳುವುದು. ಮಕ್ಕಳಿಗೆ ಮಿದುಳಿನ ಬೆಳವಣಿಗೆಯೇ ಕುಂಠಿತ. ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ದಡ್ಡನೆಂದು ಬೈಯುವ ಮಾಸ್ತರರಿಗಾಗಲಿ ತಾಯಿಗಾಗಲಿ ಅದರ ರಕ್ತದಲ್ಲಿ ಸೀಸವಿರುವುದು ತಿಳಿಯುವುದಿಲ್ಲ. ಇಷ್ಟರವರೆಗೆ ಇದ್ದರೆ ನಿರಪಾಯ ಎನ್ನುವ ಮಟ್ಟವೇ ಸೀಸಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ನೋವುಂಟುಮಾಡುವುದು ಇದೇ: ಬ್ಯಾಟರಿಯ ಬೆಳಕು ಉಂಡವರು ಒಬ್ಬರು, ಬೆಲೆ ತೆತ್ತದ್ದು ಗುಜರಿ ಮನೆಯ ಕೂಸು.

ಈ ಮಾತು ದೇಶದ ಕಿವಿಗೆ ಬಿದ್ದದ್ದು ಬೆಂಗಳೂರಿನಿಂದ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ವೆಂಕಟೇಶ್ ತುಪ್ಪಿಲ್ ಮತ್ತು ಅಬ್ರಹಾಂ ಜಾರ್ಜ್ ಕಟ್ಟಿದ ಜಾರ್ಜ್ ಫೌಂಡೇಶನ್ ಸೇರಿ 1990ರ ದಶಕದ ಕೊನೆಯಲ್ಲಿ ಭಾರತದ ಏಳು ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷಿಸಿದರು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಆಗಿನ ಮಿತಿಯಾದ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮುಟ್ಟಿದ ಅಥವಾ ಮೀರಿದ ಸೀಸ ಸಿಕ್ಕಿತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಆಗ ಎಲ್ಲರ ಬೆರಳು ಮೊದಲು ಹೋದದ್ದು ಪೆಟ್ರೋಲಿನ ಕಡೆ, ಏಕೆಂದರೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. 2000ದಲ್ಲಿ ದೇಶದಾದ್ಯಂತ ಅದು ನಿಂತಿತು. ದೊಡ್ಡ ಗೆಲುವು. ಗುಜರಿಯ ಬಾಣಲೆ ಮಾತ್ರ ಆರಿರಲಿಲ್ಲ.

ಅದಕ್ಕಾಗಿ ಬಂದದ್ದು 2001ರ ಮೇ ತಿಂಗಳ ಬ್ಯಾಟರಿ ನಿರ್ವಹಣಾ ನಿಯಮಗಳು. ಹೊಸ ಬ್ಯಾಟರಿ ಮಾರುವವನು ಹಳೆಯದನ್ನು ವಾಪಸು ತೆಗೆದುಕೊಳ್ಳಬೇಕು, ಅದನ್ನು ನೋಂದಾಯಿತ ಕಾರ್ಖಾನೆಗೇ ಕಳಿಸಬೇಕು; ಮೊದಲ ವರ್ಷ ಮಾರಿದ್ದರ ಶೇ. 50, ಎರಡನೆಯ ವರ್ಷ 75, ಮೂರನೆಯ ವರ್ಷದಿಂದ 90ರಷ್ಟು ಹಳೆಯ ಬ್ಯಾಟರಿ ವಾಪಸಾಗಬೇಕು. ಕಾಗದದ ಮೇಲೆ ಒಳ್ಳೆಯ ಲೆಕ್ಕ. ಅದರಲ್ಲಿ ಇನ್ನೊಂದು ಗೆರೆಯೂ ಇತ್ತು. ವರ್ಷಕ್ಕೆ ನೂರು ಬ್ಯಾಟರಿ ಅಥವಾ ಅದಕ್ಕಿಂತ ಹೆಚ್ಚು ಕೊಳ್ಳುವ ರೈಲ್ವೆ, ಸೇನೆ, ದೂರಸಂಪರ್ಕ, ಸರ್ಕಾರಿ ನಿಗಮಗಳು ದೊಡ್ಡ ಬಳಕೆದಾರರು, ಅವರು ಲೆಕ್ಕ ಒಪ್ಪಿಸಬೇಕು. ನಮ್ಮ ಸೀಮೆಯ ನಕ್ಷೆಯ ಮೇಲೆ ಆ ಗೆರೆ ಎಳೆದು ನೋಡಿ. ವಾಡಿ ಜಂಕ್ಷನ್ನಿನ ರೈಲ್ವೆ ಬ್ಯಾಟರಿ ಒಳಗೆ ಬಂತು, ಸಾರಿಗೆ ನಿಗಮದ ಬಸ್ಸಿನದು ಒಳಗೆ ಬಂತು. ಒಂದೇ ಲಾರಿಯ ಮಾಲೀಕ, ಚಿಂಚೋಳಿಯ ತೊಗರಿ ಬೆಳೆಗಾರನ ಟ್ರ್ಯಾಕ್ಟರು ಹೊರಗೆ ಉಳಿದವು. ಅವರ ಹಳೆಯ ಬ್ಯಾಟರಿ ಅಂಗಡಿಗೆ ಹೋಗುವುದೋ ಹೆಚ್ಚು ಕಾಸು ಕೊಡುವ ಗುಜರಿಗೆ ಹೋಗುವುದೋ ಎಂಬುದು ಆ ದಿನದ ಸೀಸದ ದರಕ್ಕೆ ಬಿಟ್ಟ ಮಾತಾಯಿತು.

ಹಳೆಯ ಬ್ಯಾಟರಿಯ ಅಪಾಯ ಎಷ್ಟು ದೂರ ಹೋಗಬಹುದೆಂದು ಕೆಲವೇ ವರ್ಷಗಳಲ್ಲಿ ಆಫ್ರಿಕಾದಿಂದ ಸುದ್ದಿ ಬಂತು. ಸೆನೆಗಲ್ ದೇಶದ ಡಾಕಾರ್ ಪಕ್ಕದ ಥಿಯಾರೊಯೆ ಎಂಬಲ್ಲಿ ಹಳೆಯ ಬ್ಯಾಟರಿಯ ಸೀಸ ಬೆರೆತ ಮಣ್ಣನ್ನು ಜನ ಜರಡಿ ಹಿಡಿದು ಮಾರುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚಿನೊಳಗೆ ಅಲ್ಲಿ 18 ಮಕ್ಕಳು ಸತ್ತರು.

ನಿಯಮ ಬಂದ 2001ನೆಯ ವರ್ಷವೇ ಬೆಂಗಳೂರಿನಲ್ಲಿ ಇನ್ನೊಂದು ಹುಟ್ಟು. ಚೇತನ್ ಮೈನಿಯವರ ರೇವಾ ಎಂಬ ಬ್ಯಾಟರಿ ಕಾರು ರಸ್ತೆಗಿಳಿಯಿತು. ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಂದು ಸಲ ತುಂಬಿದರೆ ಸುಮಾರು 80 ಕಿಲೋಮೀಟರ್. ನಕ್ಕವರು ಬಹಳ. ಆ ಪುಟ್ಟ ಕಾರು ಲಂಡನ್ನಿನ ಬೀದಿಗಳವರೆಗೂ ಹೋಯಿತು. ಕನ್ನಡ ನಾಡಿನಲ್ಲಿ ಬ್ಯಾಟರಿ ಗಾಡಿಯ ಚರಿತ್ರೆ ಬರೆಯುವವರು ಅದನ್ನು ಮೊದಲ ಪುಟದಲ್ಲೇ ಇಡಬೇಕು.

ನಮ್ಮ ಕಡೆ ಬ್ಯಾಟರಿ ಮನೆಯೊಳಗೆ ಬಂದದ್ದು ಕರೆಂಟ್ ಹೋಗುತ್ತಿದ್ದುದರಿಂದ. 1970ರ ದಶಕದ ಕೊನೆಯಲ್ಲಿ ಶುರುವಾದ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಒಂದು ಬಲ್ಬು ಬಂತು. 2002ರಲ್ಲಿ ಕಲಬುರಗಿಯಲ್ಲಿ ಜೆಸ್ಕಾಂ ಎಂಬ ವಿದ್ಯುತ್ ಸರಬರಾಜು ಕಂಪನಿ ಆಯಿತು. ಕಂಬ ಇತ್ತು, ತಂತಿ ಇತ್ತು, ಬೇಸಿಗೆಯ ಮಧ್ಯಾಹ್ನ ಕರೆಂಟ್ ಇರುತ್ತಿರಲಿಲ್ಲ. ಫರಸಿ ಹಾಸಿದ ಮಾಳಿಗೆ ಮನೆಯೊಳಗೆ 42 ಡಿಗ್ರಿ ಬಿಸಿಲಿನ ಝಳದಲ್ಲಿ ಫ್ಯಾನ್ ನಿಂತರೆ ಬಾಣಂತಿ, ಕೂಸು, ಮುದುಕರು ಬೇಯುವುದನ್ನು ಕಂಡವರು ಇನ್ವರ್ಟರನ್ನು ಐಷಾರಾಮ ಅನ್ನಲಾರರು. 1995ರಲ್ಲಿ ಹರೀಶ್ ಹಂದೆ ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೋ, ಗ್ರಾಮೀಣ ಬ್ಯಾಂಕುಗಳ ಸಾಲದ ಬೆಂಬಲದಿಂದ, ಕಂಬವೇ ಇಲ್ಲದ ಮನೆಗಳಿಗೆ ಸೌರದೀಪ ಮುಟ್ಟಿಸಿತು. ಬಡವರು ಸಾಲ ತೀರಿಸಲಾರರು ಎಂಬ ಬ್ಯಾಂಕುಗಳ ಹಳೆಯ ನಂಬಿಕೆಯನ್ನು ಆ ದೀಪ ಮುರಿಯಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇನ್ವರ್ಟರಿನ ಹಿಂದೆ, ಸೌರಫಲಕದ ಹಿಂದೆ, ಎರಡರ ಹಿಂದೆಯೂ ಕೂತಿದ್ದದ್ದು ಸೀಸದ್ದೇ ಬ್ಯಾಟರಿ. 150 ಆಂಪಿಯರ್ ಅವರಿನ ಒಂದು ಟ್ಯೂಬುಲರ್ ಬ್ಯಾಟರಿ ಐವತ್ತು ಕಿಲೋ ಮೀರಿ ತೂಗುತ್ತದೆ. ಅದನ್ನು ಮಂಚದ ಕೆಳಗೆ, ದೇವರ ಕೋಣೆಯ ದೀಪದ ಪಕ್ಕ ಇಟ್ಟ ಮನೆಗಳು ಇಂದಿಗೂ ಇವೆ. ಅದರಿಂದಲೂ ಜಲಜನಕವೇ ಹೊರಡುವುದು. ಗಾಳಿಯಾಡುವ ಮೂಲೆ ಬೇಕು, ದೀಪ ಊದುಬತ್ತಿಗಳಿಂದ ದೂರ ಬೇಕು, ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಬೇಕು. ಈ ಸೀಮೆಯ ಬೋರ್‌ವೆಲ್ ನೀರಿನ ಗಡಸು ತಗಡನ್ನು ಬೇಗ ಕೊಲ್ಲುತ್ತದೆ.

ಆಮೇಲೆ ಲಿಥಿಯಂ. 1991ರಲ್ಲಿ ಜಪಾನಿನ ಸೋನಿ ಪೇಟೆಗಿಳಿಸಿದ ಲಿಥಿಯಂ ಅಯಾನ್ ಬ್ಯಾಟರಿ ಮೊದಲು ಫೋನಿನಲ್ಲಿ ನಮ್ಮ ಜೇಬಿಗೆ ಬಂತು. 2017ರಲ್ಲಿ ವಿದ್ಯುತ್ ವಾಹನಕ್ಕೂ ವಿದ್ಯುತ್ ಸಂಗ್ರಹಕ್ಕೂ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. 2018ರಲ್ಲಿ ಬೆಂಗಳೂರಿನ ಏಥರ್ ಸ್ಕೂಟರು ರಸ್ತೆಗೆ ಬಂತು. ನಂತರದ ನಾಲ್ಕು ವರ್ಷದಲ್ಲಿ ಹತ್ತಾರು ಹೆಸರಿನ ಗಾಡಿಗಳು.

2022ರ ಮಾರ್ಚ್ ಏಪ್ರಿಲ್ ತಿಂಗಳು ಈ ಗಾಡಿಗಳನ್ನು ಕೊಂಡವರ ಎದೆ ನಡುಗಿಸಿತು. ವೆಲ್ಲೂರಿನಲ್ಲಿ ಚಾರ್ಜಿಗಿಟ್ಟ ಸ್ಕೂಟರಿನ ಹೊಗೆಗೆ ತಂದೆ ಮಗಳು ಉಸಿರುಗಟ್ಟಿ ತೀರಿಕೊಂಡರು. ವಿಜಯವಾಡದಲ್ಲಿ ಮಲಗುವ ಕೋಣೆಯಲ್ಲಿ ಚಾರ್ಜಿಗಿಟ್ಟ ಬ್ಯಾಟರಿ ಸಿಡಿದು ಒಬ್ಬರು ಸತ್ತರು. ನಿಜಾಮಾಬಾದಿನಲ್ಲಿ ಅದೇ ರೀತಿ ಒಬ್ಬ ವೃದ್ಧರು ಸತ್ತರು. ನಿಜಾಮಾಬಾದ್ ನಮಗೆ ದೂರದ್ದಲ್ಲ, ಒಂದು ಕಾಲಕ್ಕೆ ಒಂದೇ ಸಂಸ್ಥಾನದ ಊರು. ಅಲ್ಲಿಯ ಬಿಸಿಲೇ ಇಲ್ಲಿಯ ಬಿಸಿಲು. ಸೀಸದ ಬ್ಯಾಟರಿ ಸಿಡಿದರೆ ಆಮ್ಲ ಎರಚುತ್ತದೆ. ಲಿಥಿಯಂ ಕೋಶದ ಬಗೆ ಬೇರೆ. ಒಳಗೆ ಶಾರ್ಟ್ ಆಗಿ ಒಂದು ಕೋಶ ಕಾದರೆ ಆ ಕಾವು ಪಕ್ಕದ ಕೋಶವನ್ನು ಕಾಯಿಸುತ್ತದೆ, ಅದು ಅದರ ಪಕ್ಕದ್ದನ್ನು. ಒಮ್ಮೆ ಹೊತ್ತಿದ ಮೇಲೆ ಒಂದು ಬಕೆಟ್ ನೀರಿಗೆ ಅದು ಜಗ್ಗದು, ಆರಿದಂತೆ ಕಂಡು ಮತ್ತೆ ಹೊತ್ತುತ್ತದೆ. ಹೊಗೆ ವಿಷ. ಅಂಥ ಹೊತ್ತಿನಲ್ಲಿ ಬ್ಯಾಟರಿ ಉಳಿಸಲು ಹೋಗದೆ ಮನೆಯವರನ್ನೆಲ್ಲ ಹೊರಗೆ ಕರೆದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡುವುದೊಂದೇ ಸರಿ. ಸರ್ಕಾರ ತನಿಖೆ ಮಾಡಿಸಿತು, ಎಐಎಸ್ 156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿ 2022ರ ಡಿಸೆಂಬರ್ ಮತ್ತು 2023ರ ಮಾರ್ಚಿನಿಂದ ಎರಡು ಹಂತದಲ್ಲಿ ಜಾರಿಗೆ ತಂದಿತು. ಕೋಶಗಳ ನಡುವೆ ಅಂತರ, ಕಾವೇರಿದರೆ ಎಚ್ಚರಿಕೆ, ತಪ್ಪು ಚಾರ್ಜಿಂಗಿಗೆ ತಡೆ ಕಡ್ಡಾಯವಾದವು. ಬಿಸಿಲಲ್ಲಿ ಓಡಿಸಿ ತಂದ ಗಾಡಿಯನ್ನು ತುಸು ಆರಲು ಬಿಟ್ಟು ಆಮೇಲೆ ಚಾರ್ಜಿಗಿಡುವುದು, ಕಂಪನಿಯ ಚಾರ್ಜರನ್ನೇ ಬಳಸುವುದು, ರಾತ್ರಿ ಮಲಗುವ ಕೋಣೆಯಲ್ಲಿ ಇಡದಿರುವುದು ನಮ್ಮ ಸೀಮೆಗೆ ಬೇರೆಡೆಗಿಂತ ಹೆಚ್ಚು ಅನ್ವಯಿಸುವ ಮಾತು.

2022ರ ಆಗಸ್ಟಿನಲ್ಲಿ 2001ರ ನಿಯಮದ ಜಾಗಕ್ಕೆ ಹೊಸ ಬ್ಯಾಟರಿ ತ್ಯಾಜ್ಯ ನಿಯಮ ಬಂತು. ಸೀಸ, ಲಿಥಿಯಂ, ಕೈಗಡಿಯಾರದ ಗುಂಡಿ ಬ್ಯಾಟರಿ ಎಲ್ಲಕ್ಕೂ ಅದು ಅನ್ವಯ. ತಯಾರಿಸಿದವನೇ ಕೊನೆಯವರೆಗೂ ಹೊಣೆ. ಹೂಳುವಂತಿಲ್ಲ, ಸುಡುವಂತಿಲ್ಲ. ವಾಹನದ ಲಿಥಿಯಂ ಬ್ಯಾಟರಿಯಿಂದ ಮರಳಿ ಪಡೆಯಬೇಕಾದ ವಸ್ತುವಿನ ಪ್ರಮಾಣ ಶೇ. 70ರಿಂದ ಶುರುವಾಗಿ 90ಕ್ಕೆ ಏರಬೇಕು.

ಸುಡುವ ಮಾತು ಬಂದಾಗ ನಮ್ಮವರು ಸಿಮೆಂಟ್ ಕಾರ್ಖಾನೆಯ ಕಡೆ ನೋಡುತ್ತಾರೆ. ನೋಡುವುದು ಸಹಜ. ವಾಡಿ, ಸೇಡಂ, ಮಳಖೇಡಗಳ ಗೂಡಿನಲ್ಲಿ ಕಲ್ಲು 1450 ಡಿಗ್ರಿಗೆ ಬೇಯುತ್ತದೆ. ಪ್ಲಾಸ್ಟಿಕ್, ಟೈರು, ಕಾರ್ಖಾನೆಯ ಎಷ್ಟೋ ಕಸವನ್ನು ಅಂಥ ಗೂಡು ಅರಗಿಸಿಕೊಳ್ಳಬಲ್ಲದು. ಇಡೀ ಬ್ಯಾಟರಿಯನ್ನು ಮಾತ್ರ ಅದಕ್ಕೆ ಹಾಕಕೂಡದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಕಾರಣ ಗೂಡಿನ ಕಾವಿನಲ್ಲೇ ಇದೆ. ಪಾದರಸ, ಕ್ಯಾಡ್ಮಿಯಂ, ಸೀಸ ಆ ಶಾಖಕ್ಕೆ ಆವಿಯಾಗಿ ಹೊಗೆಯ ಧೂಳಿನ ಜೊತೆ ಹೊರಡುತ್ತವೆ. ಈಗಾಗಲೇ ಸಿಮೆಂಟಿನ ಧೂಳು ಕುಡಿದ ಊರುಗಳಿಗೆ ಅದನ್ನೂ ಸೇರಿಸುವ ಆಲೋಚನೆಯನ್ನು ಯಾರೂ ಮಾಡಕೂಡದು.

ಹಾಗಿದ್ದರೆ ಈ ತಾಲ್ಲೂಕುಗಳ ಸತ್ತ ಬ್ಯಾಟರಿ ಎಲ್ಲಿಗೆ ಹೋಗಬೇಕು? ನಿಯಮ ಇದೆ, ಹೊಣೆ ಯಾರದೆಂದು ಬರೆದಿದೆ. ಇನ್ನು ಬೇಕಾದದ್ದು ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಒಂದೊಂದರಲ್ಲೂ ಪುರಸಭೆಯವರು ಗುರುತಿಸಿಕೊಟ್ಟ ಒಂದು ನೆರಳಿನ ಜಾಗ, ಅಲ್ಲಿ ಸೀಸಕ್ಕೆ ಬೇರೆ, ಲಿಥಿಯಂಗೆ ಬೇರೆ ಪೆಟ್ಟಿಗೆ, ತೂಕಕ್ಕೆ ಸರಿಯಾದ ದರ. ಗುಜರಿಯವರನ್ನು ಓಡಿಸಿ ಇದು ಆಗುವ ಕೆಲಸವಲ್ಲ. ಮನೆಮನೆಯ ಪರಿಚಯ ಇರುವುದು ಅವರಿಗೇ. ಒಡೆಯದೆ ಇಡಿಯಾಗಿ ತಂದ ಬ್ಯಾಟರಿಗೆ ಬಾಣಲೆಯ ಸೀಸಕ್ಕಿಂತ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಕೊಡಲಿ ತಾನೇ ಕೆಳಗಿಳಿಯುತ್ತದೆ.

2024ರಲ್ಲಿ ಕೇಂದ್ರ ಸಚಿವರು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಎರಡು ಕನ್ನಡ ಜಿಲ್ಲೆಗಳ ಹೆಸರಿತ್ತು. ಮಂಡ್ಯದ ಮಾರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇರುವುದಾಗಿಯೂ ಯಾದಗಿರಿಯಲ್ಲಿ ಪ್ರಾಥಮಿಕ ಶೋಧ ನಡೆದಿರುವುದಾಗಿಯೂ ಅಣು ಖನಿಜ ನಿರ್ದೇಶನಾಲಯದ ಲೆಕ್ಕ. ಯಾದಗಿರಿ ಎಂದರೆ ಚಿತ್ತಾಪುರದ ನೆರೆ, 2009ರ ಕೊನೆಯವರೆಗೂ ಕಲಬುರಗಿ ಜಿಲ್ಲೆಯದೇ ಭಾಗ. ನೆಲದೊಳಗಿನ ಲಿಥಿಯಂ ಸಿಗುವುದೋ ಬಿಡುವುದೋ, ನೆಲದ ಮೇಲಿನದು ನಮ್ಮ ಅಂಗಳದಲ್ಲೇ ಇದೆ. 2022ರ ಆಚೀಚೆ ಈ ಊರುಗಳಿಗೆ ಬಂದ ಸ್ಕೂಟರುಗಳ ಬ್ಯಾಟರಿ ಇನ್ನು ಕೆಲವು ವರ್ಷಗಳಲ್ಲಿ ಒಂದೊಂದಾಗಿ ಸೋಲಲು ಶುರುವಾಗುತ್ತದೆ. ಅವುಗಳಲ್ಲಿ ಕೆಲವು ಗಾಡಿಗೆ ಸಾಲದಿದ್ದರೂ ಪರೀಕ್ಷಿಸಿ ಜೋಡಿಸಿದರೆ ಮನೆಯ ಸೌರದೀಪಕ್ಕೆ ಇನ್ನೂ ನಾಲ್ಕಾರು ವರ್ಷ ಸಾಕಾಗುವಂಥವು. ಆ ಪರೀಕ್ಷೆ ಬಲ್ಲ ಹುಡುಗರನ್ನು ಐಟಿಐಗಳು ಈಗಲೇ ತಯಾರು ಮಾಡಬೇಕು.